ಬಾಗಿಲಿದ್ದ ಕಡೆ ಪೀಠ

ಆ ನವೆಂಬರಿನ ಭಾನುವಾರ ನಮ್ಮ ಚರ್ಚಿನಲ್ಲಿ ಯುದ್ಧದಲ್ಲಿ ಸತ್ತವರನ್ನು ನೆನೆಯುವ ಪ್ರಾರ್ಥನೆ ನಡೆದಿತ್ತು. ಪಾದ್ರಿಯಮ್ಮ ಯೆಟುಂಡೆ ಕೋಕರ್ ಅವರು ವಿಲ್ಫ್ರೆಡ್ ಬ್ರಿಸ್ಕೋನ ಕತೆ ಹೇಳುತ್ತಿದ್ದರು. ಪ್ರತಿ ವರ್ಷ ಅದೇ ಕತೆ. ಸಾವಿರದ ಒಂಬೈನೂರ ನಲವತ್ತರಲ್ಲಿ ಲಂಡನ್ನಿನ ಮೇಲೆ ಬಾಂಬು ಸುರಿಯುತ್ತಿದ್ದಾಗ, ಊರಂಚಿನ ನಮ್ಮ ಲಾರ್ಚ್‌ವುಡ್ ಪಾರ್ಕಿನ ಸೇಂಟ್ ಸ್ವಿದಿನ್ ಚರ್ಚಿಗೂ ಬೆಂಕಿ ಬಿತ್ತು. ಬಿದ್ದ ಬೆಂಕಿ ಆರಿಸಲು ರಾತ್ರಿ ಚಾವಣಿ ಕಾಯುವ ಪಾಳಿ ಅಂದು ಬ್ರಿಸ್ಕೋನದು. ಪೀಠದ ಮೇಲಿದ್ದ ಬೆಳ್ಳಿ ಶಿಲುಬೆಯನ್ನು ಉಳಿಸಲು ಅವನು ಉರಿಯೊಳಗೆ ನುಗ್ಗಿದ, ಪೀಠದ ಮುಂದೆಯೇ ಪ್ರಾಣ ಬಿಟ್ಟ. ಅವನು ಬಿದ್ದಲ್ಲಿ ನೆಲಕ್ಕೆ ಒಂದು ಕರಿಕಲ್ಲು ಹಾಸಿದೆ. ಅದರ ಮೇಲೆ ಅವನ ಹೆಸರು, ‘ಈ ಜಾಗದಲ್ಲಿ ಮಡಿದನು’ ಎಂಬ ಮಾತು, ಅಷ್ಟೇ. ಶಿಲುಬೆ ಈಗಲೂ ಪೀಠದ ಮೇಲಿದೆ, ಅದರ ಒಂದು ತೋಳು ಸೊಟ್ಟಗಾಗಿದೆ.

ಕತೆ ಮುಗಿಯುವ ಮೊದಲೇ ಹಿಂದಿನ ಬೆಂಚಿನಿಂದ ಒಬ್ಬ ಮುದುಕಿ ಎದ್ದಳು. ತೊಂಬತ್ತು ದಾಟಿದ ವಯಸ್ಸು, ನೀಲಿ ಕೋಟು, ಕೋಟಿನ ಮೇಲೆ ನಮ್ಮೆಲ್ಲರ ಹಾಗೆ, ಯುದ್ಧದಲ್ಲಿ ಸತ್ತವರ ನೆನಪಿಗೆ ತೊಡುವ ಕಾಗದದ ಕೆಂಪು ಹೂವು. ನಾನು ಪೀಠದ ಪಕ್ಕ ಗಾಯಕರ ಸಾಲಿನಲ್ಲಿದ್ದೆ. ಅಲ್ಲಿಂದ ಎಲ್ಲ ಕಾಣುತ್ತಿತ್ತು. ಮುಖ ನೋಡಿದರೆ ಹೊರಟು ಹೋಗುವ ಸಿಟ್ಟು. ಆದರೆ ಅವಳು ಬಾಗಿಲ ಕಡೆಗೆ ತಿರುಗಲಿಲ್ಲ. ಕೋಲೂರಿಕೊಂಡು ನಡುವಿನ ದಾರಿಯಲ್ಲಿ ನಮ್ಮ ಕಡೆಗೇ ಬಂದಳು, ಪೀಠದ ಮುಂದಿನ ಕಟಕಟೆ ದಾಟಿದಳು, ಪಾದ್ರಿಯಮ್ಮನನ್ನು ಕಂಬವೇನೋ ಅನ್ನುವ ಹಾಗೆ ಬಳಸಿಕೊಂಡು ಪೀಠದ ಹಿಂದೆ ಹೋದಳು. ಅಲ್ಲಿ ಇಳಿಬಿಟ್ಟಿದ್ದ ಹಸಿರು ಪರದೆಯನ್ನು ಸರಿಸಿ ಗೋಡೆಯನ್ನು ಅಂಗೈಯಿಂದ ತಡವಿದಳು. ಮೇಲೆ, ಕೆಳಗೆ, ಮತ್ತೆ ಮೇಲೆ.

“ಬಾಗಿಲೆಲ್ಲಿ ಹೋಯ್ತು?” ಅಂದಳು. ಯಾರನ್ನೂ ಕೇಳಿದ್ದಲ್ಲ.

ಚರ್ಚಿನ ಉಸ್ತುವಾರಿ ನೋಡಿಕೊಳ್ಳುವ ನಮ್ಮ ವಾರ್ಡನ್ ರೊವೀನಾ ಪೆಟಿಫರ್ ಎದ್ದು ಹೋದಳು. ರೊವೀನಾ ಆಸ್ಪತ್ರೆಯಲ್ಲಿ ಮುರಿದ ಕೈಕಾಲಿನವರಿಗೆ ವ್ಯಾಯಾಮ ಮಾಡಿಸುವ ಕೆಲಸದಲ್ಲಿದ್ದು ನಿವೃತ್ತಳಾದವಳು, ಮುದುಕರ ಮೊಣಕೈ ಹಿಡಿಯುವ ಬಗೆ ಅವಳಿಗೆ ಗೊತ್ತು.

“ಬಾಗಿಲು ಆ ಕಡೆ ಇದೆ. ಬನ್ನಿ, ನಾನ್ ಕರ್ಕೊಂಡು ಹೋಗ್ತೀನಿ.”

“ನಂಗೇ ಹೇಳ್ತೀಯಾ? ಇಲ್ಲೇ ಇತ್ತು. ಅಪ್ಪನ ಕೈ ಹಿಡ್ಕೊಂಡು ಇಲ್ಲಿಂದ್ಲೇ ಒಳಗೆ ಬರ್ತಿದ್ದೆ.”

ಅಷ್ಟರಲ್ಲಿ ಅವಳ ಮಗ ಓಡಿಬಂದ. ಅರುವತ್ತರ ಆಸುಪಾಸಿನವನು, ಕಿವಿಯವರೆಗೂ ಕೆಂಪಾಗಿದ್ದ. ಎಲ್ಲರ ಕಡೆಗೂ ಕ್ಷಮೆ ಕೇಳುತ್ತ ತಾಯಿಯನ್ನು ಕರೆದುಕೊಂಡು ಹೋದ. ಪಾದ್ರಿಯಮ್ಮ ಮುಂದಿನ ಹಾಡಿನ ಸಂಖ್ಯೆ ಹೇಳಿದರು. ನಾವು ಬೇರೆ ಯಾವುದೋ ಹಾಡು ಶುರುಮಾಡಿದೆವು.

ಪ್ರಾರ್ಥನೆ ಮುಗಿದು ಕಾಫಿ ಕುಡಿಯುವಾಗ ಮಗ ಒಬ್ಬನೇ ಒಳಗೆ ಬಂದ. ತಾಯಿ ಕಾರಿನಲ್ಲಿ ಕೂತಿದ್ದಳು. ಅವನ ಹೆಸರು ಕ್ಲೈವ್ ಬ್ಯಾರಟ್. ಅಮ್ಮ ಕಾರ್ನ್‌ವಾಲಿನಲ್ಲಿದ್ದಳು, ಈ ಬೇಸಿಗೆಯಲ್ಲಷ್ಟೇ ನನ್ನ ಮನೆ ಹತ್ತಿರ ಕರೆಸಿಕೊಂಡಿದ್ದೇನೆ, ಒಬ್ಬಳೇ ಮನೆಯಲ್ಲಿರುತ್ತೇನೆ ಅಂತ ಹಟ ಮಾಡುತ್ತಾಳೆ, ನೆನಪು ಪರೀಕ್ಷೆ ಮಾಡುವ ಡಾಕ್ಟರ ಹತ್ತಿರ ಹೋಗಿ ಬಂದಾಗಿದೆ, ಇವತ್ತಿನದನ್ನು ನೋಡಿದ ಮೇಲೆ ವೃದ್ಧಾಶ್ರಮಕ್ಕೆ ಸೇರಿಸದೆ ದಾರಿಯಿಲ್ಲ ಅಂದ. ಕೊನೆಗೆ, ಹೋಗುವ ಮುಂಚೆ, ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೇಳಿದ: “ನಿಮ್ ಬ್ರಿಸ್ಕೋ ನಮ್ಮಜ್ಜ. ಅಮ್ಮ ಅವರ ಮಗಳು.”

ಬ್ರಿಸ್ಕೋಗೆ ಒಬ್ಬ ಮಗಳಿದ್ದಳೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹೆಂಡತಿ ಇದ್ದಳೆಂದೂ ಗೊತ್ತಿರಲಿಲ್ಲ. ಅವನನ್ನು ನಾವು ಒಂದು ಕಲ್ಲು, ಒಂದು ಕತೆ ಅಂತಷ್ಟೇ ಇಟ್ಟುಕೊಂಡಿದ್ದೆವು.

ಎಲ್ಲರಿಗಿಂತ ಹೆಚ್ಚು ಕಲಕಿಹೋದವಳು ರೊವೀನಾ. ನಮ್ಮ ಚರ್ಚಿನ ಚರಿತ್ರೆ ಅಂದರೆ ಅವಳೇ. ಶಾಲೆಯ ಮಕ್ಕಳು ಬಂದರೆ ಆ ಕಲ್ಲಿನ ಸುತ್ತ ನಿಲ್ಲಿಸಿ ಬ್ರಿಸ್ಕೋ ಹೇಗೆ ಕೈ ಮುಂದೆ ಚಾಚಿ ಬಿದ್ದಿದ್ದ ಅಂತ ತೋರಿಸುತ್ತಿದ್ದಳು. ಶಿಲುಬೆಯ ಕತೆಯನ್ನು ಪಾದ್ರಿಯಮ್ಮನಿಗೆ ಹೇಳಿಕೊಟ್ಟವಳೂ ಅವಳೇ. ಅವಳಿಗೆ ಹೇಳಿದ್ದವನು ಹಿಂದಿನ ವಾರ್ಡನ್. ಅವನಿಗೆ ಯಾರು ಹೇಳಿದ್ದರೋ.

ಮರುದಿನ ಅವಳು ನಿಂಬೆ ಕೇಕು ಮಾಡಿಕೊಂಡು ಆ ಮುದುಕಿ ಎನಿಡ್ ಬ್ಯಾರಟ್‌ಳ ಮನೆಗೆ ಹೋದಳು. ಎನಿಡ್ ಬಾಗಿಲು ತೆಗೆದವಳೇ ಕೇಕನ್ನು ಇಸಿದುಕೊಂಡು, ಚಹಾ ಇಟ್ಟು, ಸಕ್ಕರೆ ಎಷ್ಟು ಅಂತ ಎರಡು ಸಲ ಕೇಳಿದಳು. ಎರಡನೇ ಸಲ ಕೇಳಿದ್ದು ಮರೆವೋ, ಉಪಚಾರವೋ ರೊವೀನಾಗೆ ತಿಳಿಯಲಿಲ್ಲ. ಆಮೇಲೆ ಎನಿಡ್ ಹೇಳಿದ್ದನ್ನು ರೊವೀನಾ ನಮಗೆ ಹೀಗೆ ಹೇಳಿದಳು.

ಅಪ್ಪ ಸತ್ತಾಗ ಎನಿಡ್‌ಗೆ ಒಂಬತ್ತು ವರ್ಷ. ಆ ಸಂಜೆ ಅವಳೂ ತಾಯಿಯೂ ಬಾಂಬಿನಿಂದ ತಪ್ಪಿಸಿಕೊಳ್ಳಲು ಹಿತ್ತಲಿನಲ್ಲಿ ತೋಡಿದ್ದ ಗುಂಡಿಯಲ್ಲಿ ಕೂತಿದ್ದರು. ಪಾಳಿ ಮುಗಿಸಿ ಬರುತ್ತೇನೆ ಅಂದಿದ್ದ ಅಪ್ಪ ಬರಲಿಲ್ಲ. ಬೆಳಗ್ಗೆ ಆಗಿನ ಪಾದ್ರಿ ಬಂದು, ನಿಮ್ಮ ಯಜಮಾನರು ದೇವರ ಮನೆಗಾಗಿ ಜೀವ ಕೊಟ್ಟರು ಅಂದ. ಅಮ್ಮ ಪಾದ್ರಿಯನ್ನು ಕೂರಿಸಲಿಲ್ಲ. ಅವರಿಗೊಂದು ಸ್ವಂತ ಮನೆಯೂ ಇತ್ತು, ಅದು ನೆನಪಾಗಲಿಲ್ಲವೇ ಅಂತ ಕೇಳಿದಳು. ವಾರ ಕಳೆಯುವುದರೊಳಗೆ ಮಗಳನ್ನು ಕಟ್ಟಿಕೊಂಡು ತಂಗಿಯ ಊರಿಗೆ ಹೋದಳು. ಮತ್ತೆ ಇಬ್ಬರೂ ಯಾವ ಚರ್ಚಿನ ಹೊಸಲನ್ನೂ ಮೆಟ್ಟಲಿಲ್ಲ. ಎನಿಡ್ ಮದುವೆಯಾದದ್ದು ನೋಂದಣಿ ಕಚೇರಿಯಲ್ಲಿ. ಗಂಡನ ಶವಸಂಸ್ಕಾರಕ್ಕೂ ಪಾದ್ರಿಯನ್ನು ಕರೆಯಲಿಲ್ಲ.

“ಅಪ್ಪನ ಮೇಲೆ ಸಿಟ್ಟು ಕಣಮ್ಮ,” ಅಂದಳಂತೆ. “ಶಿಲುಬೆ ಆ ಕಡೆ, ನಾವು ಈ ಕಡೆ. ಆ ಕಡೆ ಹೋದ. ಸಾಯೋದ್ರೊಳಗೆ ಒಂದ್ಸಲ ಬಂದು ಮುಖದ ಮೇಲೆ ಹೇಳಿಬಿಡೋಣ ಅಂತ ಬಂದೆ. ನಿಮ್ ಪಾದ್ರಿಯಮ್ಮ ಅಷ್ಟು ಚೆನ್ನಾಗಿ ಹೊಗಳ್ತಿದ್ರೆ ಕೇಳೋಕಾಗ್ಲಿಲ್ಲ. ಎದ್ದು ಹೊರಟೆ. ಬಾಗಿಲೇ ಇಲ್ಲ.”

ರೊವೀನಾ ಮೆತ್ತಗೆ, ಬಾಗಿಲು ಯಾವಾಗಲೂ ಬಸ್ಸು ಓಡಾಡುವ ಹೆದ್ದಾರಿಯ ಕಡೆಗೇ ಇದೆಯಲ್ಲ ಅಂದಳು. ಎನಿಡ್ ಅವಳನ್ನು ದಿಟ್ಟಿಸಿ ನೋಡಿದಳು. ಆಗ ಹೆದ್ದಾರಿ ಎಲ್ಲಿತ್ತು, ಅಲ್ಲಿ ಹಂದಿ ಸಾಕುತ್ತಿದ್ದರು ಅಂದಳು.

ಆ ವಾರವಿಡೀ ರೊವೀನಾಗೆ ಮನಸ್ಸು ನಿಲ್ಲಲಿಲ್ಲ. ಹಳೆಯ ನಕ್ಷೆ, ಕಾಗದ ಏನೂ ಇರಲಿಲ್ಲ, ಎಲ್ಲ ಅದೇ ಬೆಂಕಿಯಲ್ಲಿ ಹೋಗಿದ್ದವು. ಯುದ್ಧ ಮುಗಿದು ಏಳೆಂಟು ವರ್ಷ ಕಳೆದ ಮೇಲೆ, ಐವತ್ತರ ದಶಕದಲ್ಲಿ ಚರ್ಚನ್ನು ಮತ್ತೆ ಕಟ್ಟಿದ್ದು. ಅಲ್ಲಿಯವರೆಗೆ ಸ್ಕೌಟುಗಳ ಶೆಡ್ಡಿನಲ್ಲಿ ಪ್ರಾರ್ಥನೆ. ಅಷ್ಟರಲ್ಲಿ ಅರ್ಧ ಊರು ಖಾಲಿಯಾಗಿ ಹೊಸ ಜನ ಬಂದಿದ್ದರು. ರೊವೀನಾ ಇದ್ದಬದ್ದ ಹಳಬರನ್ನೆಲ್ಲ ಕೇಳಿದಳು. ಒಬ್ಬಳು, ಬಾಗಿಲು ಈಗಿದ್ದಲ್ಲೇ ಇತ್ತು, ನನ್ನ ನಾಮಕರಣ ಅಲ್ಲೇ ಆದದ್ದು ಅಂದಳು. ಅವಳು ಹುಟ್ಟಿದ್ದೇ ಐವತ್ತೈದರಲ್ಲಿ. ಇನ್ನೊಬ್ಬ, ಬಾಗಿಲು ಪಕ್ಕದಲ್ಲಿತ್ತು ಅಂದ. ಯಾವ ಪಕ್ಕ ಅಂದರೆ ಎರಡೂ ಕೈ ಎತ್ತಿದ. ಮತ್ತೊಬ್ಬ, ನೀನೇ ತಾನೇ ಚರಿತ್ರೆ ಹೇಳುವವಳು, ನನ್ನನ್ನು ಕೇಳಿದರೆ ಹೇಗೆ ಅಂತ ನಕ್ಕ. ಬುಧವಾರ ಬಂದ ಮಕ್ಕಳ ಮುಂದೆ ಅವಳು ಪೀಠಕ್ಕೆ ಬಾಗಿಲೆಂದೂ ಬಾಗಿಲಿಗೆ ಪೀಠವೆಂದೂ ಹೇಳಿ, ತನ್ನ ತಲೆಯೇ ಸರಿಯಿಲ್ಲವೇನೋ ಅಂತ ಹೆದರಿದಳು. ನನಗೆ ಫೋನು ಮಾಡಿ, “ನಾನು ಸ್ವಲ್ಪ ದಿನದಿಂದ ಹೇಗೆ ಕಾಣ್ತಿದೀನಿ, ಹೇಳು,” ಅಂದಳು. ಚೆನ್ನಾಗಿದ್ದೀಯ ಅಂದೆ. ಅವಳಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ.

ಶನಿವಾರ ಮಧ್ಯಾಹ್ನ ಹೂವು ಜೋಡಿಸುವ ಪಾಳಿ ನಮ್ಮಿಬ್ಬರದು. ಬಾಡಿದ ಹೂವನ್ನು ಎಸೆಯಲು ನಾವು ಚರ್ಚಿನ ಹಿಂಭಾಗಕ್ಕೆ ಹೋದೆವು. ಅಲ್ಲಿ ಬಾಯ್ಲರ್ ಕೋಣೆ, ಕಸದ ಡಬ್ಬಿಗಳು, ಅದರಾಚೆ ಒಂದು ಓಣಿ. ಓಣಿಯ ಹೆಸರು ಚರ್ಚ್ ಗೇಟ್ ಲೇನ್. ಅಲ್ಲಿ ಯಾವ ಗೇಟೂ ಇಲ್ಲ, ಬರೀ ಮೋಟಾರು ಗ್ಯಾರೇಜುಗಳ ಬೆನ್ನು. ವರ್ಷಾನುಗಟ್ಟಲೆ ಆ ಹೆಸರು ಬರೆದ ಹಲಗೆಯ ಕೆಳಗೇ ಕಸ ಸುರಿದಿದ್ದೇವೆ. ಅವತ್ತು ರೊವೀನಾ ಹಲಗೆ ಓದಿದವಳು ಹಾಗೇ ನಿಂತಳು. ಆಮೇಲೆ ಏನೂ ಹೇಳದೆ ಗೋಡೆಯ ಮೇಲೆ ಹಬ್ಬಿದ್ದ ಬಳ್ಳಿಯನ್ನು ಎರಡೂ ಕೈಯಿಂದ ಕಿತ್ತು ಎಳೆಯತೊಡಗಿದಳು. ನಾನೂ ಎಳೆದೆ. ಬಳ್ಳಿಯ ಹಿಂದೆ ಇಟ್ಟಿಗೆಯ ಬಣ್ಣ ಬೇರೆಯಾಗಿತ್ತು. ಮೇಲೆ ಕಮಾನಿನ ಆಕಾರ, ಒಳಗೆ ಮುಚ್ಚಿ ಕಟ್ಟಿದ ಇಟ್ಟಿಗೆ. ಬುಡದಲ್ಲಿ ಮಣ್ಣು ಕೆರೆದರೆ ಕಲ್ಲಿನ ಅಗಲವಾದ ಮೆಟ್ಟಿಲು. ಅದರ ನಡುಭಾಗ ಎಷ್ಟೋ ಜನರ ಕಾಲು ಸವೆಸಿದ ಹಾಗೆ ತಗ್ಗಾಗಿತ್ತು.

ರೊವೀನಾ ಆ ಮೆಟ್ಟಿಲ ಮೇಲೆ ಕೂತುಬಿಟ್ಟಳು. “ಅಯ್ಯೋ, ಅವರು ಸರಿಯಾಗೇ ಹೇಳಿದ್ರು,” ಅಂದಳು. ಸ್ವಲ್ಪ ಹೊತ್ತಾದ ಮೇಲೆ, “ಹಾಗಾದ್ರೆ ನಾನು ಇಷ್ಟು ವರ್ಷ ಹೇಳಿದ್ದೇನು?” ಅಂದಳು.

ಮುಂದಿನ ವಾರ ಚರ್ಚುಗಳ ಕಟ್ಟಡ ನೋಡಿಕೊಳ್ಳುವ ಎಂಜಿನಿಯರ್ ಒಬ್ಬ ಬಂದು ಗೋಡೆಯನ್ನು ಕುಟ್ಟಿ ನೋಡಿದ. ಅನುಮಾನವೇ ಇಲ್ಲ, ಕಟ್ಟಡವನ್ನು ಹಿಂದುಮುಂದು ಮಾಡಿದ್ದಾರೆ ಅಂದ. ಮೊದಲು ಊರೆಲ್ಲ ಓಣಿಯ ಕಡೆಗಿತ್ತು, ಬಾಗಿಲೂ ಅಲ್ಲೇ. ಯುದ್ಧದ ನಂತರ ಈಚೆ ಹೆದ್ದಾರಿ, ಅಂಗಡಿ, ಬಸ್ಸು ಬಂದವು. ಮತ್ತೆ ಕಟ್ಟುವಾಗ ಬಾಗಿಲನ್ನು ಈಚೆಗೆ ತಂದು, ಪೀಠವನ್ನು ಆಚೆಗೆ ಒಯ್ದು, ಹಳೆಯ ಬಾಗಿಲಿಗೆ ಇಟ್ಟಿಗೆ ತುಂಬಿದರು. ನೆಲ ಮಾತ್ರ ಹಳೆಯದೇ. ಕಲ್ಲು ಹಾಸಿದವರಿಗೆ ಬ್ರಿಸ್ಕೋ ಬಿದ್ದ ಜಾಗ ಗೊತ್ತಿತ್ತು, ಅಲ್ಲೇ ಹಾಸಿದರು. ಪೀಠ ಅದರ ಬಳಿಗೆ ಬಂದದ್ದು ಆಮೇಲೆ.

ಎಂಜಿನಿಯರ್ ಹೇಳಿದ್ದನ್ನು ಪಾದ್ರಿಯಮ್ಮ ಎರಡು ಸಲ ಹೇಳಿಸಿಕೊಂಡರು. “ಅಂದ್ರೆ ಅವರು ಬಿದ್ದದ್ದು ಬಾಗಿಲ ಹತ್ರ,” ಅಂದರು.

ಎನಿಡ್‌ಳನ್ನು ಕರೆತರಲು ರೊವೀನಾ ತಾನೇ ಕಾರು ತೆಗೆದುಕೊಂಡು ಹೋದಳು. ಕ್ಲೈವ್ ಕೂಡ ಬಂದ. ಮೊದಲು ಓಣಿಗೆ ಹೋದೆವು. ಎನಿಡ್ ಕೋಲನ್ನು ಮಗನ ಕೈಗೆ ಕೊಟ್ಟು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು. ಅಳಲಿಲ್ಲ. ಇಲ್ಲಿ ಒಂದು ಕಬ್ಬಿಣದ ಕಂಬಿ ಇತ್ತು, ಮಳೆ ಬಂದ ದಿನ ಬೂಟಿನ ಕೆಸರು ಕೆರೆಯಲು, ಅಪ್ಪ ನನ್ನ ಬೂಟನ್ನೂ ಕೆರೆಯುತ್ತಿದ್ದ ಅಂದಳು. ಕಂಬಿಯನ್ನು ಹುಡುಕಿದೆವು, ಸಿಗಲಿಲ್ಲ. ಇತ್ತೋ ಇಲ್ಲವೋ ಹೇಳಲಾರೆ.

“ನೋಡ್ದಾ,” ಅಂತ ಮಗನ ಕಡೆ ತಿರುಗಿದಳು. “ಯಾರಿಗೋ ತಲೆ ಕೆಟ್ಟಿದೆ ಅಂತಿದ್ದೆಯಲ್ಲ.”

“ಇದೊಂದು ಸರಿ ಅಮ್ಮ. ಆದ್ರೆ ಗ್ಯಾಸು ಹಚ್ಚಿಟ್ಟು ಮಲಗಿದ್ದು?”

“ಅದು ಬೇರೆ.”

ಒಳಗೆ ಬಂದು ಕಲ್ಲಿನ ಮುಂದೆ ನಿಂತಾಗ ರೊವೀನಾ ಎಲ್ಲವನ್ನೂ ನಿಧಾನವಾಗಿ ವಿವರಿಸಿದಳು. ಆಗಿನ ಪೀಠ ಅಲ್ಲಿ, ಈಗ ನಾವು ಕಾಫಿ ಕುಡಿಯುವ ಕಡೆ. ಆಗಿನ ಬಾಗಿಲು ಇಲ್ಲಿ, ಕಲ್ಲಿಗೆ ತೀರ ಹತ್ತಿರ. ನಿಮ್ಮ ತಂದೆ ಪೀಠದ ಮುಂದೆ ಬೀಳಲಿಲ್ಲ, ಬಾಗಿಲ ಹತ್ತಿರ ಬಿದ್ದರು. ಎನಿಡ್ ಕೇಳುತ್ತ ಕೇಳುತ್ತ ಮುಂದಿನ ಬೆಂಚಿನ ತುದಿ ಹಿಡಿದು ಕೂತಳು. ಬಹಳ ಹೊತ್ತು ಆ ಕರಿಕಲ್ಲನ್ನೇ ನೋಡಿದಳು.

“ಹಾಗಾದ್ರೆ ಹೊರಗೆ ಬರ್ತಿದ್ದ,” ಅಂದಳು. “ಮನೆಗೆ ಬರ್ತಿದ್ದ.”

ಕ್ಲೈವ್, ಒಳ್ಳೆಯ ಉದ್ದೇಶದಿಂದಲೇ ಇರಬೇಕು, ಹಾಗಂತ ಹೇಳಲಾಗದು, ಆಗ ತಾನೇ ಒಳಗೆ ಕಾಲಿಟ್ಟಿದ್ದರೂ ಅಲ್ಲೇ ಬೀಳುತ್ತಿದ್ದರಲ್ಲ ಅಂದ. ಎನಿಡ್ ಮುಖ ಎತ್ತಿ ರೊವೀನಾಳನ್ನು ಕೇಳಿದಳು:

“ತಲೆ ಯಾವ ಕಡೆಗಿತ್ತು?”

ಶಾಲೆಯ ಮಕ್ಕಳಿಗೆ ರೊವೀನಾ ಇಷ್ಟು ವರ್ಷ ಕೈ ಚಾಚಿ ತೋರಿಸುತ್ತಿದ್ದಳಲ್ಲ, ಪೀಠದ ಕಡೆಗೆ. ಆ ಕೈ ಯಾರು ನೋಡಿದ್ದು, ಯಾರು ಸೇರಿಸಿದ್ದು ಅವಳಿಗೇ ಗೊತ್ತಿರಲಿಲ್ಲ. ಕೈ ಈಗಿನ ಪೀಠದ ಕಡೆಗಿದ್ದರೆ ಅದು ಆಗಿನ ಬಾಗಿಲ ಕಡೆ. ಕೈ ಚಾಚಿಯೇ ಇರಲಿಲ್ಲವಾದರೆ ಏನೂ ಹೇಳಲಾಗದು.

“ಗೊತ್ತಿಲ್ಲ ಎನಿಡಮ್ಮ,” ಅಂದಳು. “ನಂಗೆ ಗೊತ್ತಿರೋದು ಯಾವುದೂ ಗೊತ್ತಿರೋದಲ್ಲ ಅನ್ನಿಸ್ತಿದೆ.”

“ನಿನಗೂ ಡಾಕ್ಟರ ಹತ್ರ ಚೀಟಿ ಬರೆಸ್ಕೊಡ್ಲಾ?” ಅಂದಳು ಎನಿಡ್. ಅದು ಚುಚ್ಚಿದ್ದೋ, ಸಮಾಧಾನವೋ. ರೊವೀನಾ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಸುದ್ದಿ ಹರಡಿದ ಮೇಲೆ ನಮ್ಮ ಚರ್ಚಿನಲ್ಲಿ ಶುರುವಾದಂಥ ಗೊಂದಲವನ್ನು ನಾನು ಎಂದೂ ಕಂಡಿರಲಿಲ್ಲ. ಕಾಫಿಯ ಮೇಜಿನ ಸುತ್ತ ಒಂದು ಗುಂಪು, ಬ್ರಿಸ್ಕೋ ಒಳಗೆ ಹೋಗುತ್ತಿದ್ದ, ಧೈರ್ಯಶಾಲಿ, ಕತೆ ಬದಲಾಯಿಸುವ ಅಗತ್ಯವಿಲ್ಲ ಅಂದಿತು. ಇನ್ನೊಂದು ಗುಂಪು, ಹೊರಗೆ ಓಡುತ್ತಿದ್ದ, ಅದರಲ್ಲಿ ತಪ್ಪೇನು, ಹೆಂಡತಿ ಮಕ್ಕಳಿದ್ದವನು ಅಂದಿತು. ಅಷ್ಟರಲ್ಲಿ ಯಾರೋ ಶಿಲುಬೆಯನ್ನು ನೆನಪಿಸಿದರು. ಆಗಿನ ಪೀಠ ಆ ತುದಿಯಲ್ಲಿದ್ದರೆ, ಅದರ ಮೇಲಿದ್ದ ಶಿಲುಬೆ ಉಳಿದದ್ದು ಹೇಗೆ? ಒಳಗೆ ಹೋಗಿ ಶಿಲುಬೆ ತೆಗೆದುಕೊಂಡು ವಾಪಸು ಬರುವಾಗಲೇ ಬಿದ್ದಿರಬೇಕು, ಎರಡೂ ನಿಜ ಅಂತ ಮೂರನೆಯ ಗುಂಪು. ಅದೇ ಸರಿ ಅಂತ ನಾವೆಲ್ಲ ಒಪ್ಪುವಷ್ಟರಲ್ಲಿ ಇನ್ನೊಮ್ಮೆ ಬಂದಿದ್ದ ಎಂಜಿನಿಯರ್ ಶಿಲುಬೆಯನ್ನು ತಿರುಗಿಸಿ ನೋಡಿ, ಇದರ ಮೇಲೆ ಬೆಳ್ಳಿಯ ವರ್ಷ ತಿಳಿಸುವ ಮುದ್ರೆ ಯುದ್ಧದ ನಂತರದ ಹಾಗೆ ಕಾಣುತ್ತದೆ ಅಂದುಬಿಟ್ಟ. ಸೊಟ್ಟಗಾದದ್ದು ಎಂದಾದರೂ ಕೈಜಾರಿ ಬಿದ್ದಿರಬಹುದು ಅಂದ. ಆಮೇಲೆ, ಖಚಿತವಾಗಿ ಹೇಳಲಾರೆ, ಬೆಳ್ಳಿ ನನ್ನ ವಿಷಯವಲ್ಲ ಅಂದ. ಅವತ್ತು ಕಾಫಿ ಆರಿಹೋಯಿತು, ಬಿಸ್ಕತ್ತು ಹಾಗೇ ಉಳಿಯಿತು.

ಕಲ್ಲನ್ನು ಕೀಳಿಸಿ ಬೇರೆ ಬರೆಸಬೇಕು ಅಂತ ಕೆಲವರು ಪಾದ್ರಿಯಮ್ಮನ ಬೆನ್ನು ಹತ್ತಿದರು. ಅವರು ಅದನ್ನು ಎನಿಡ್‌ಗೇ ಬಿಟ್ಟರು. ಎನಿಡ್ ಬರೆದದ್ದನ್ನು ಮತ್ತೊಮ್ಮೆ ಓದಿಸಿಕೊಂಡಳು. ‘ಈ ಜಾಗದಲ್ಲಿ ಮಡಿದನು’. ಅದರಲ್ಲಿ ಸುಳ್ಳೇನೂ ಇಲ್ಲವಲ್ಲ, ಇರಲಿ ಬಿಡಿ, ಮಿಕ್ಕಿದ್ದು ನೀವು ಬಾಯಲ್ಲಿ ಕಟ್ಟಿದ್ದು, ಬಾಯಲ್ಲೇ ಸರಿಮಾಡಿಕೊಳ್ಳಿ ಅಂದಳು.

ವೃದ್ಧಾಶ್ರಮದ ಮಾತು ಮಾತ್ರ ನಿಲ್ಲಲಿಲ್ಲ. ಬಾಗಿಲಿನ ವಿಷಯದಲ್ಲಿ ಅಮ್ಮ ಗೆದ್ದಳೆಂದು ಕ್ಲೈವ್ ಸಂತೋಷಪಟ್ಟ, ಆದರೆ ಜನವರಿಯಲ್ಲಿ ಅವಳು ಸ್ವಂತ ಬೀದಿಯಲ್ಲೇ ದಾರಿ ತಪ್ಪಿ, ಪಕ್ಕದ ಬಡಾವಣೆಯ ಬಸ್ ನಿಲ್ದಾಣದಲ್ಲಿ ಕೋಟಿಲ್ಲದೆ ಕೂತಿದ್ದಳು. ಅದಕ್ಕೆ ನಮ್ಮಿಂದ ಯಾವ ಮುಚ್ಚಿದ ಕಮಾನನ್ನೂ ಹುಡುಕಿಕೊಡಲಾಗಲಿಲ್ಲ. ಎನಿಡ್ ಜಗಳ ಮಾಡಲಿಲ್ಲ. ಒಂದೇ ಷರತ್ತು ಹಾಕಿದಳು: ಚರ್ಚಿಗೆ ಹತ್ತಿರವಿರುವ ಕಡೆ ಆಗಬೇಕು. ಕ್ಲೈವ್ ತಬ್ಬಿಬ್ಬಾದ. ಇಷ್ಟು ವರ್ಷ ಚರ್ಚು ಅಂದರೆ ಉರಿದುಬೀಳುತ್ತಿದ್ದವಳು ಅಂತ ರೊವೀನಾ ಹತ್ತಿರ ಹೇಳಿದ. ಅವಳು, ನನಗೂ ಅರ್ಥವಾಗಿಲ್ಲ ಅಂದಳು.

ಆಮೇಲೆ ಭಾನುವಾರಗಳಂದು ರೊವೀನಾ ಅವಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬರತೊಡಗಿದಳು. ಕೆಲವು ದಿನ ಎನಿಡ್‌ಗೆ ಎಲ್ಲ ನೆಟ್ಟಗಿರುತ್ತಿತ್ತು. ಆಗ ಉಪದೇಶ ಉದ್ದವಾಯಿತು ಅಂತ ಗಟ್ಟಿಯಾಗಿ ಹೇಳುತ್ತಿದ್ದಳು. ಕೆಲವು ದಿನ ಅಪ್ಪನ ಪಾಳಿ ಮುಗಿಯಿತಾ ಅಂತ ಕೇಳುತ್ತಿದ್ದಳು. ಮೊದಲ ಸಲ ಕೇಳಿದಾಗ ರೊವೀನಾ ನನ್ನ ಕಡೆ ನೋಡಿದಳು. ನಾನು ಹಾಡಿನ ಪುಸ್ತಕ ನೋಡಿದೆ. ಕೊನೆಗೆ ಅವಳು, “ಮುಗೀತು, ಹೊರಟಿದಾರೆ,” ಅಂದಳು. ಅದು ಸುಳ್ಳೋ ನಿಜವೋ ಈಗ ಯಾರು ಹೇಳಬೇಕು.

ಈಸ್ಟರ್ ಭಾನುವಾರ ಚರ್ಚು ತುಂಬಿತ್ತು. ಪ್ರಭುಭೋಜನಕ್ಕೆ ಎಲ್ಲರೂ ಸಾಲಾಗಿ ಕಟಕಟೆಯ ಕಡೆ ಹೊರಟಾಗ ಎನಿಡ್ ರೊವೀನಾಳ ತೋಳು ಹಿಡಿದು, ನನ್ನನ್ನೂ ಕರೆದುಕೊಂಡು ಹೋಗು ಅಂದಳು. ಒಂಬತ್ತು ವರ್ಷಕ್ಕೇ ಬಿಟ್ಟುಹೋದವಳು, ರೊಟ್ಟಿ ದ್ರಾಕ್ಷಾರಸ ಎಂದೂ ತೆಗೆದುಕೊಂಡವಳಲ್ಲ. ಅದಕ್ಕೆ ಮೊದಲು ಆಗಬೇಕಾದ ವಿಧಿಗಳೂ ಆಗಿರಲಿಲ್ಲ. ವಾರ್ಡನ್ ಆಗಿ ರೊವೀನಾ ಅದನ್ನು ಹೇಳಬೇಕಿತ್ತು. ಅವಳು ಪಾದ್ರಿಯಮ್ಮನ ಮುಖ ನೋಡಿದಳು. ಪಾದ್ರಿಯಮ್ಮ ಏನನ್ನೂ ಕೇಳದೆ ಬಂದು, ಗಾಲಿಕುರ್ಚಿಯ ಮುಂದೆ ಬಾಗಿದರು.

“ಯಾವ ಕೈ?” ಅಂದಳು ಎನಿಡ್.

“ಎರಡೂ. ಬಲಗೈ ಮೇಲೆ.”

ಅವಳು ಎಡಗೈಯನ್ನು ಮೇಲಿಟ್ಟಳು, ಆಮೇಲೆ ಬದಲಾಯಿಸಿದಳು, ಮತ್ತೆ ಬದಲಾಯಿಸಿದಳು. ಪಾದ್ರಿಯಮ್ಮ ಕಾದರು, ಹಿಂದಿನ ಸಾಲೂ ಕಾಯಿತು. ಕೊನೆಗೆ ಯಾವುದೋ ಒಂದು ಅಂಗೈ ಮೇಲೆ ರೊಟ್ಟಿಯ ಆ ತೆಳ್ಳನೆಯ ಬಿಳಿ ಬಿಲ್ಲೆ ಬಿತ್ತು. ಎನಿಡ್ ಅದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಅಗಿದಳು.

“ರುಚಿಯೇ ಇಲ್ವಲ್ಲಮ್ಮ,” ಅಂದಳು. ಆಮೇಲೆ ದ್ರಾಕ್ಷಾರಸದ ಬಟ್ಟಲಿಗಾಗಿ ಮುಖ ಎತ್ತಿದಳು.